ಹಿಡಿದ ಕೆಲಸಕ್ಕೆ ಪೂರ್ತಿ ಇಳಿಯೋದು ಅಂದ್ರೆ ಏನು? ನಾನಿನ್ನೂ ದಡದಲ್ಲೇ ಇದ್ದೇನೆ

ಅರ್ಧಪುಟ

ಮೂರು ವರ್ಷದ ಹಿಂದೆ ಒಂದು ದೊಡ್ಡ ಪುಸ್ತಕವನ್ನು ಕನ್ನಡಕ್ಕೆ ಅನುವಾದ ಮಾಡಲು ಕೂತೆ. ಯಾವ ಪುಸ್ತಕ ಅನ್ನೋದು ಇಲ್ಲಿ ಮುಖ್ಯ ಅಲ್ಲ. ಮೂಲದಲ್ಲಿ 1,100 ಪುಟ. ಈವರೆಗೆ ಮುಗಿದದ್ದು 340. ಯಾರೂ ಕೇಳಿ ಬರೆಸುತ್ತಿಲ್ಲ. ಪ್ರಕಾಶಕರು ಇಲ್ಲ, ಗಡುವೂ ಇಲ್ಲ. ಹಗಲು ಬೇರೆ ನೌಕರಿ.

ಸೋಮಾರಿತನ ಅಂತ ಅಂದುಕೊಂಡಿದ್ದೆ. ಆದರೆ ಮೊನ್ನೆ ಹಳೆಯ ಡೈರಿ ತಿರುವಿ ಹಾಕಿದೆ. ಈ ಮೂರು ವರ್ಷದಲ್ಲಿ ನಾನು ಇನ್ನೂ ನಾಲ್ಕು ಕೆಲಸ ಶುರು ಮಾಡಿದ್ದೇನೆ. ಒಂದು ಹೊಸ ಭಾಷೆ, ಗೆಳೆಯನ ಜೊತೆ ಪಾಡ್‌ಕಾಸ್ಟ್, ಒಂದು ಆನ್‌ಲೈನ್ ಕೋರ್ಸ್, ಆಮೇಲೆ ಸಣ್ಣ ಕಥೆಗಳು. ನಾಲ್ಕೂ ಶುರುವಾದದ್ದು ಅನುವಾದ ಕೈಕೊಟ್ಟ ವಾರಗಳಲ್ಲೇ. ಒಂದು ಅಧ್ಯಾಯ ಸಿಕ್ಕಿಕೊಂಡಿತು ಅಂದರೆ ಮರುದಿನ ನನಗೆ ಹೊಸ ಹುಮ್ಮಸ್ಸು!

ಮನೆಯಲ್ಲಿ ಆರಂಭಶೂರ ಅಂತ ಕರೆಯುತ್ತಾರೆ. ತಮಾಷೆಗೇ. ಆದರೂ ಮೊನ್ನೆ ಚುಚ್ಚಿತು.

ಸ್ಫೂರ್ತಿಯ ಮಾತು ಬೇಡ, ಅದು ಬೇಕಾದಷ್ಟು ಓದಿದ್ದೇನೆ. ವರ್ಷಗಟ್ಟಲೆ ಒಂದೇ ಕೆಲಸಕ್ಕೆ ಕೂತವರು ಇದ್ದರೆ ಹೇಳಿ. ಪೂರ್ತಿ ಇಳಿದಿದ್ದೇನೆ ಅಂತ ನಿಮಗೆ ಹೇಗೆ ಗೊತ್ತಾಯಿತು? ನೌಕರಿ ಬಿಡಲೇಬೇಕಾ?

ಬೆಂಕಿಪೊಟ್ಟಣ

ಬಿಡಬೇಕು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು.

ನಾನು ಆಫೀಸು ಬಿಟ್ಟು ಮರಗೆಲಸ ಕಲಿತವನು. ಮೊದಲ ಎರಡು ವರ್ಷ ಮಾಡಿದ ಕುರ್ಚಿಗಳೆಲ್ಲ ಕುಂಟುತ್ತಿದ್ದವು. ವಾಪಸ್ ಹೋಗಲು ಜಾಗ ಇರಲಿಲ್ಲ, ಅದಕ್ಕೇ ಕಲಿತೆ. ಎರಡು ದೋಣಿಯಲ್ಲಿ ಕಾಲಿಟ್ಟರೆ ಎರಡೂ ಹೋಗುತ್ತವೆ. ನೀವು ನಿಂತಿರುವುದು ಐದು ದೋಣಿಯಲ್ಲಿ.

ಕೊಂಕುಮಾತು

ನೌಕರಿ ಬಿಟ್ಟು ದಡ ಸೇರಿದವರು ಮಾತ್ರ ಇಂಥ ಕಡೆ ಬಂದು ಬರೆಯುತ್ತಾರೆ. ಬಿಟ್ಟು ಮುಳುಗಿದವರಿಗೆ ಬರೆಯಲು ಪುರುಸೊತ್ತೆಲ್ಲಿ? ಅವರು ಇನ್ನೊಂದು ನೌಕರಿ ಹುಡುಕುತ್ತಿರುತ್ತಾರೆ. ಕುರ್ಚಿ ಮಾರಬಹುದು ಸ್ವಾಮಿ. ಅರ್ಧ ಅನುವಾದವನ್ನು ಯಾರು ಕೊಳ್ಳುತ್ತಾರೆ?

ಲೆಕ್ಕದ ಮೇಷ್ಟ್ರು

ಮೊದಲು ಲೆಕ್ಕ ಮಾಡೋಣ, ಆಮೇಲೆ ಜಗಳ.

ಮೂರು ವರ್ಷಕ್ಕೆ 340 ಪುಟ ಅಂದರೆ ವರ್ಷಕ್ಕೆ ಸುಮಾರು 113. ಉಳಿದದ್ದು 760. ಇದೇ ವೇಗದಲ್ಲಿ ಹೋದರೆ ಇನ್ನೂ ಹತ್ತಿರ ಹತ್ತಿರ 7 ವರ್ಷ. ದಿನಕ್ಕೆ ಒಂದೇ ಪುಟ, ವಾರಕ್ಕೆ ಐದು ದಿನ, ವರ್ಷಕ್ಕೆ 50 ವಾರ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 250 ಪುಟ ಆಯಿತು. ಮೂರು ವರ್ಷ ಸ್ವಲ್ಪದಲ್ಲಿ ಮುಗಿಯುತ್ತದೆ.

ಒಂದು ಪುಟಕ್ಕೆ ನಿಮಗೆ ಎಷ್ಟು ಹೊತ್ತು ಬೇಕು?

ಅರ್ಧಪುಟ

ಒಂದೂವರೆ ಗಂಟೆ. ಮರುದಿನ ಓದಿ ತಿದ್ದುವುದೂ ಸೇರಿದರೆ ಎರಡು.

7 ವರ್ಷ ಅನ್ನೋದನ್ನು ನಾನು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ಓದಿ ಹೊಟ್ಟೆ ತೊಳಸಿದ ಹಾಗಾಯಿತು.

ಲೆಕ್ಕದ ಮೇಷ್ಟ್ರು

ಹಾಗಾದರೆ ಬೇಕಾದದ್ದು ವಾರಕ್ಕೆ 10 ಗಂಟೆ. ಅದಕ್ಕೆ ನೌಕರಿ ಯಾಕೆ ಬಿಡಬೇಕು? ಉಳಿದ ನಾಲ್ಕು ಕೆಲಸಕ್ಕೆ ವಾರಕ್ಕೆ ಎಷ್ಟು ಹೋಗುತ್ತಿದೆ ಅಂತ ಒಂದು ಸಲ ಬರೆದು ನೋಡಿ. ಉತ್ತರ ಇಲ್ಲಿ ಹೇಳಬೇಕಾಗಿಲ್ಲ.

ನಮ್ಮ ಗಣಿತದವರ ಒಂದು ಉದಾಹರಣೆ ಕೊಡುತ್ತೇನೆ. ಆಂಡ್ರ್ಯೂ ವೈಲ್ಸ್ ಫರ್ಮಾನ ಕೊನೆಯ ಪ್ರಮೇಯಕ್ಕೆ ಕೂತದ್ದು 1986ರಲ್ಲಿ. 350 ವರ್ಷ ಯಾರಿಗೂ ಬಗ್ಗದ ಸಮಸ್ಯೆ. ಆತ ಕೆಲಸ ಬಿಡಲಿಲ್ಲ. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಲೇ ಇದ್ದ. ಬಿಟ್ಟದ್ದು ಬೇರೆ. ಈ ಸಮಸ್ಯೆಗೆ ಸಂಬಂಧ ಇಲ್ಲದ ಸಂಶೋಧನೆಯನ್ನೆಲ್ಲ ಬದಿಗಿಟ್ಟ. ಸಮ್ಮೇಳನಗಳಿಗೆ ಹೋಗುವುದನ್ನು ನಿಲ್ಲಿಸಿದ. ಮನೆಯ ಅಟ್ಟದ ಮೇಲಿನ ಕೋಣೆಯಲ್ಲಿ ಕೂತ. ಏಳು ವರ್ಷ.

ಇಂಥ ಪಕ್ಕದ ಕೆಲಸಗಳನ್ನು ಬಿಡುವುದು ನೌಕರಿ ಬಿಡುವುದಕ್ಕಿಂತ ಕಷ್ಟ. ಅವು ನೋಡಲು ಕೆಲಸದ ಹಾಗೇ ಇರುತ್ತವೆ. ನಿಮ್ಮ ಸಣ್ಣ ಕಥೆಗಳೂ ಅಷ್ಟೇ. ಬರವಣಿಗೆಯೇ ತಾನೇ ಅಂತ ಮನಸ್ಸು ಸಮಾಧಾನ ಮಾಡಿಕೊಳ್ಳುತ್ತದೆ.

ನಿಧಾನ ಓಟ

ಮೇಷ್ಟ್ರು ವೈಲ್ಸ್ ಕಥೆಯ ಮುಖ್ಯ ಭಾಗ ಬಿಟ್ಟರು. 1993ರ ಜೂನ್‌ನಲ್ಲಿ ಕೇಂಬ್ರಿಡ್ಜ್‌ನಲ್ಲಿ ಪ್ರಮೇಯ ಸಾಧಿಸಿದೆ ಅಂತ ಹೇಳಿದ. ಜಗತ್ತೆಲ್ಲ ಸುದ್ದಿ. ಕೆಲವೇ ತಿಂಗಳಲ್ಲಿ ಅದರಲ್ಲಿ ಒಂದು ದೊಡ್ಡ ಬಿರುಕು ಕಂಡಿತು. ಅದನ್ನು ಮುಚ್ಚಲು ಇನ್ನೊಂದು ವರ್ಷ ಒದ್ದಾಡಿದ. ತನ್ನ ಹಳೆಯ ಶಿಷ್ಯ ರಿಚರ್ಡ್ ಟೇಲರ್‌ನನ್ನು ಜೊತೆಗೆ ಕರೆದುಕೊಂಡ. 1994ರ ಸೆಪ್ಟೆಂಬರ್‌ನಲ್ಲಿ ದಾರಿ ಸಿಕ್ಕಿತು. ನನಗೆ ಏಳು ವರ್ಷಕ್ಕಿಂತ ಆ ಒಂದು ವರ್ಷವೇ ದೊಡ್ಡದು ಅನ್ನಿಸುತ್ತದೆ. ಎಲ್ಲರೂ ನೋಡುತ್ತಿದ್ದಾರೆ, ಕೈಯಲ್ಲಿ ಒಡೆದ ಗಡಿಗೆ.

ನಾನು ಓಡುವವನು. ಮ್ಯಾರಥಾನ್ 42.195 ಕಿಲೋಮೀಟರ್ ಅಂತ ಎಲ್ಲರಿಗೂ ಗೊತ್ತು. ಓಡುವವರಿಗೆ ಅದು ಎರಡು ಓಟ. ಮೊದಲ 30 ಒಂದು, ಉಳಿದ 12 ಇನ್ನೊಂದು. ಮೈಯಲ್ಲಿ ಶಕ್ತಿಗೆ ಅಂತ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜೆನ್, ಸುಮಾರು 30ರ ಹೊತ್ತಿಗೆ ಖಾಲಿಯಾಗುತ್ತಾ ಬರುತ್ತದೆ. ಗೋಡೆಗೆ ಗುದ್ದಿದ ಹಾಗೆ ಆಗುತ್ತದೆ, ನಾವು ಅದನ್ನು ಗೋಡೆ ಅಂತಲೇ ಕರೆಯುತ್ತೇವೆ. ಕಾಲು ಕಲ್ಲಾಗುತ್ತದೆ. ಆಗ ತಲೆಯಲ್ಲಿ ಬರುವ ಯೋಚನೆಗಳನ್ನು ನಂಬಬಾರದು. ನನಗೆ ಮೊದಲ ಸಲ ಬಂದ ಯೋಚನೆ, ‘ನನಗೆ ಈಜು ಒಗ್ಗುತ್ತಿತ್ತು’. ಆಣೆ ಮಾಡಿ ಹೇಳುತ್ತೇನೆ, ನನಗೆ ಈಜಲು ಬರುವುದಿಲ್ಲ.

ನಿಮ್ಮ ಪಾಡ್‌ಕಾಸ್ಟು, ಕೋರ್ಸು ಎಲ್ಲ ನನ್ನ ಈಜಿನ ಹಾಗೆ.

ಇನ್ನೊಂದು ಮಾತು. ಗೋಡೆಗೆ ಕಾರಣವೂ ಕೊನೆಯ ಭಾಗದಲ್ಲೇ ಇದೆ ಅಂದುಕೊಂಡರೆ ತಪ್ಪು. ಜಾಸ್ತಿ ಜನ ಅಲ್ಲಿಗೆ ಬಂದು ಬೀಳುವುದು ಮೊದಲ 10 ಕಿಲೋಮೀಟರ್‌ನಲ್ಲಿ ಮಾಡಿದ ತಪ್ಪಿನಿಂದ. ಉತ್ಸಾಹದಲ್ಲಿ ಜೋರಾಗಿ ಹೊರಟಿರುತ್ತಾರೆ. ನೀವು ಮೊದಲ ವರ್ಷ ಎಷ್ಟು ಪುಟ ಮಾಡಿದಿರಿ?

ಅರ್ಧಪುಟ

ಮೊದಲ ಐದು ತಿಂಗಳಲ್ಲೇ 190.

ನಿಧಾನ ಓಟ

ಸಿಕ್ಕಿತಲ್ಲ.

ಕೊಂಕುಮಾತು

ಅಂದರೆ ಉಳಿದ ಎರಡೂವರೆ ವರ್ಷಕ್ಕೆ 150. ಮೇಷ್ಟ್ರೇ, ನಿಮ್ಮ 7 ವರ್ಷದ ಲೆಕ್ಕ ಇನ್ನೊಮ್ಮೆ ಮಾಡಿ. ಈಗಿನ ವೇಗ ವರ್ಷಕ್ಕೆ 113 ಎಲ್ಲಿ ಬಂತು, 60 ಇದ್ದರೆ ಪುಣ್ಯ. ಹನ್ನೆರಡು ವರ್ಷ ದಾಟುತ್ತದೆ.

ಲೆಕ್ಕದ ಮೇಷ್ಟ್ರು

ಒಪ್ಪಿದೆ. ಸರಾಸರಿ ಮೋಸ ಮಾಡಿತು. ಮಕ್ಕಳಿಗೆ ಇದನ್ನೇ ಪಾಠ ಮಾಡುತ್ತೇನೆ, ನಾನೇ ಬಿದ್ದೆ.

ತಿದ್ದುಪಡಿ

ಕರಡು ತಿದ್ದುವುದು ನನ್ನ ವೃತ್ತಿ, ಹಾಗಾಗಿ ದೊಡ್ಡ ಪುಸ್ತಕಗಳ ಸಂಕಟ ಹತ್ತಿರದಿಂದ ಗೊತ್ತು. ಇಲ್ಲಿ ಎಲ್ಲರೂ ವೇಗದ ಬಗ್ಗೆ ಹೆದರಿಸುತ್ತಿದ್ದೀರಿ. ಬೇರೆ ಮಗ್ಗುಲು ಹೇಳುತ್ತೇನೆ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಸಂಪಾದಕನಾಗಿ ಜೇಮ್ಸ್ ಮರ್ರೆ ಒಪ್ಪಂದಕ್ಕೆ ಸಹಿ ಹಾಕಿದ್ದು 1879ರಲ್ಲಿ. ಹತ್ತು ವರ್ಷದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದರು. ಐದು ವರ್ಷ ಆದ ಮೇಲೆ, 1884ರಲ್ಲಿ, ಮೊದಲ ಕಂತು ಹೊರಗೆ ಬಂತು. ಅದು ಎಲ್ಲಿಯವರೆಗೆ ಇತ್ತು ಗೊತ್ತಾ? ‘ಆ್ಯಂಟ್’ ಪದದವರೆಗೆ. ಇರುವೆ! ಎ ಅಕ್ಷರವೇ ಮುಗಿದಿರಲಿಲ್ಲ. ಕೊನೆಗೆ ಪೂರ್ತಿಯಾದದ್ದು 1928ರಲ್ಲಿ. 10 ಸಂಪುಟ, 15 ಸಾವಿರಕ್ಕೂ ಹೆಚ್ಚು ಪುಟ. ಮರ್ರೆ 1915ರಲ್ಲೇ ತೀರಿಕೊಂಡಿದ್ದ. ಆಗ ಆತನ ಕೈಯಲ್ಲಿದ್ದದ್ದು ಟಿ ಅಕ್ಷರ.

ಈ ಕಥೆ ಕೇಳಿದವರೆಲ್ಲ ಮರ್ರೆಯ ಛಲ ಅಂತ ಕೈಮುಗಿಯುತ್ತಾರೆ. ನನಗೆ ಕಾಣುವುದು ಅದಲ್ಲ. ಐದನೇ ವರ್ಷ ‘ಆ್ಯಂಟ್’ ಹತ್ತಿರ ನಿಂತಾಗ ಹತ್ತು ವರ್ಷದ ಮಾತು ಸುಳ್ಳು ಅಂತ ಎಲ್ಲರಿಗೂ ಗೊತ್ತಾಗಿರಲೇಬೇಕು. ಆಗ ಮಾಡಿದ್ದೇನು? ಕೆಲಸಕ್ಕೆ ಜನ ಸೇರಿಸಿದರು. ಹೆನ್ರಿ ಬ್ರಾಡ್ಲಿ ಬಂದ, ಆಮೇಲೆ ಕ್ರೇಗಿ, ಆನಿಯನ್ಸ್. ಒಬ್ಬೊಬ್ಬರು ಒಂದೊಂದು ಅಕ್ಷರ ಹಿಡಿದು ಕೂತರು. ಮೊದಲ ಅಂದಾಜು ಸುಳ್ಳಾದದ್ದು ಯಾರ ನಿಷ್ಠೆಯ ಕೊರತೆಯೂ ಅಲ್ಲ. ಶುರು ಮಾಡುವಾಗ ಕೆಲಸದ ಗಾತ್ರ ಯಾರಿಗೂ ಗೊತ್ತಿರುವುದಿಲ್ಲ. ನಿಜವಾದ ಗಾತ್ರ ಕಂಡ ದಿನ ಏನು ಮಾಡುತ್ತೀರಿ ಅನ್ನೋದೇ ಪ್ರಶ್ನೆ. ನಿಮಗೆ ಆ ದಿನ ಇವತ್ತು ಬಂದಿದೆ.

ಬಿಟ್ಟುಬಂದವಳು

ನಾನು ಪಿಎಚ್‌ಡಿಯನ್ನು ಐದನೇ ವರ್ಷಕ್ಕೆ ಬಿಟ್ಟವಳು. ಈ ಚರ್ಚೆಯಲ್ಲಿ ನನ್ನಂಥವರೂ ಒಬ್ಬರು ಇರಲಿ.

‘ಐದು ವರ್ಷ ಹಾಕಿದ್ದೀಯ, ಇನ್ನೊಂದೆರಡು ವರ್ಷ ತಾನೇ’ ಅಂತ ಎಲ್ಲರೂ ಹೇಳಿದರು. ಇದಕ್ಕೆ ಕಾಂಕಾರ್ಡ್ ಭ್ರಮೆ ಅಂತಲೇ ಹೆಸರಿದೆ. ಬ್ರಿಟನ್ ಮತ್ತು ಫ್ರಾನ್ಸ್ ಸರ್ಕಾರಗಳು 1962ರಲ್ಲಿ ಸೇರಿಕೊಂಡು ಕಾಂಕಾರ್ಡ್ ಅನ್ನೋ ಶಬ್ದಕ್ಕಿಂತ ವೇಗದ ವಿಮಾನಕ್ಕೆ ಕೈಹಾಕಿದವು. ಖರ್ಚು ಹುಟ್ಟುವುದಿಲ್ಲ ಅಂತ ಗೊತ್ತಾದ ಮೇಲೂ, ಇಷ್ಟು ಸುರಿದಾಗಿದೆಯಲ್ಲ ಅಂತ ಸುರಿಯುತ್ತಲೇ ಹೋದರು. ಕೊನೆಗೆ ವಿಮಾನ ಕಂಪನಿಗಳ ಸೇವೆಗೆ ಸೇರಿದ್ದು 14 ವಿಮಾನ ಮಾತ್ರ. ವಿಮಾನವೇನೋ ಅದ್ಭುತ, ಅದು ಬೇರೆ ಮಾತು.

ಹೋದ ವರ್ಷಗಳು ಹೋದವು. ಅವು ಮುಂದುವರಿಯಲು ಕಾರಣ ಆಗಬಾರದು.

ಆದರೆ ಒಂದು ವಿಷಯ ನಾನು ಸರಿ ಮಾಡಿದೆ ಅಂತ ಈಗಲೂ ಅನ್ನಿಸುತ್ತದೆ. ಕೆಟ್ಟ ವಾರದಲ್ಲಿ ಬಿಡಲಿಲ್ಲ. ಮಾರ್ಗದರ್ಶಕರು ಬೈದ ದಿನ ಬಿಟ್ಟಿದ್ದರೆ ಆ ಬೈಗುಳಕ್ಕೆ ಬಿಟ್ಟ ಹಾಗೆ ಆಗುತ್ತಿತ್ತು. ಕೆಲಸ ಚೆನ್ನಾಗಿ ನಡೆದ, ಯಾರೂ ಏನೂ ಅನ್ನದ ಒಂದು ತಿಂಗಳು ಕಾದೆ. ಆಗಲೂ ಬೆಳಿಗ್ಗೆ ಏಳಲು ಮನಸ್ಸಿಲ್ಲ. ಮುಗಿಸಿದ ಮೇಲೆ ಏನಾಗಬೇಕು ಅಂತ ಯೋಚಿಸಿದರೆ ಖಾಲಿ. ಆ ತಿಂಗಳು ಬಿಟ್ಟೆ. ಅಳು ಬರಲಿಲ್ಲ.

ಅರ್ಧಪುಟ ಅವರೇ, ಪುಟ ಸರಾಗವಾಗಿ ಸಾಗುವ ದಿನ ನಿಮಗೆ ಹೇಗಿರುತ್ತದೆ?

ಅರ್ಧಪುಟ

ಈ ಪ್ರಶ್ನೆಗೆ ಬೆಳಿಗ್ಗೆಯಿಂದ ಉತ್ತರ ಯೋಚಿಸುತ್ತಿದ್ದೇನೆ. ಒಂದು ವಾಕ್ಯ ಕನ್ನಡದಲ್ಲೇ ಹುಟ್ಟಿದ ಹಾಗೆ ಕೂತ ದಿನ ಬೇರೆ ಯಾವುದೂ ಬೇಡ ಅನ್ನಿಸುತ್ತದೆ. ಅಂಥ ದಿನ ತಿಂಗಳಿಗೆ ಎರಡೋ ಮೂರೋ.

ಬಿಟ್ಟುಬಂದವಳು

ಹಾಗಾದರೆ ನೀವು ನನ್ನ ಹಾಗಲ್ಲ. ನನಗೆ ಕೊನೆಯ ಎರಡು ವರ್ಷ ಅಂಥದ್ದು ಒಂದು ದಿನವೂ ಇರಲಿಲ್ಲ.

ಮಬ್ಬುಬೆಳಕು

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಇಲ್ಲಿ ಎಲ್ಲರೂ ತಾವೇ ಆರಿಸಿಕೊಂಡ ಕೆಲಸದ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಆರಿಸಿಕೊಂಡಿರಲಿಲ್ಲ.

ಅಮ್ಮನಿಗೆ ಪಾರ್ಶ್ವವಾಯು ಆಯಿತು. ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು. ಒಂಬತ್ತು ವರ್ಷ ನೋಡಿಕೊಂಡೆ. ಮೊದಲ ವರ್ಷ ದಿನವೂ ಅಂದುಕೊಳ್ಳುತ್ತಿದ್ದೆ, ಇದು ತಾತ್ಕಾಲಿಕ, ಆಮೇಲೆ ನನ್ನ ಬದುಕು ಶುರುವಾಗುತ್ತದೆ. ಆ ವರ್ಷದಷ್ಟು ಕೆಟ್ಟ ವರ್ಷ ಇನ್ನೊಂದಿಲ್ಲ. ಕೆಲಸ ಮುಂದಿನ ವರ್ಷಗಳಲ್ಲೂ ಅಷ್ಟೇ ಇತ್ತು. ಮಗ್ಗುಲು ಬದಲಿಸುವುದು, ಒರೆಸುವುದು, ರಾತ್ರಿ ಎರಡು ಸಲ ಏಳುವುದು. ಒಂದು ಕಣ್ಣು ಬಾಗಿಲ ಕಡೆ ಇಟ್ಟು ಮಾಡುತ್ತಿದ್ದೆನಲ್ಲ, ಅದು ಸುಸ್ತು ಮಾಡುತ್ತಿತ್ತು.

ಎರಡನೇ ವರ್ಷ ಒಂದು ದಿನ ಅಮ್ಮನ ಮಂಚವನ್ನು ಒಳಕೋಣೆಯಿಂದ ಹಜಾರಕ್ಕೆ ತಂದೆ, ಕಿಟಕಿ ಪಕ್ಕ. ನನ್ನ ಮೇಜನ್ನೂ ಅಲ್ಲೇ ಹಾಕಿದೆ. ಅಷ್ಟೇ ಮಾಡಿದ್ದು. ಪ್ರತಿಜ್ಞೆ ಗಿತಿಜ್ಞೆ ಏನೂ ಇಲ್ಲ. ಇದು ಇಲ್ಲಿರುತ್ತದೆ, ನಾನೂ ಇಲ್ಲಿರುತ್ತೇನೆ. ಆ ದಿನದ ಮೇಲೆ ಹಗುರಾಯಿತು. ಕೆಲಸ ಅಲ್ಲ, ನಾನು.

ಅಣ್ಣ ರಜೆಗೆ ಬಂದಾಗ ಸಲಹೆ ಕೊಡುತ್ತಿದ್ದ. ಅವನ ಮೇಲೆ ಸಿಟ್ಟು ಇನ್ನೂ ಇದೆ, ಅದು ಹೋಗಿದೆ ಅಂತ ಸುಳ್ಳು ಹೇಳುವುದಿಲ್ಲ.

ಬೆಂಕಿಪೊಟ್ಟಣ ಅವರಿಗೆ ಒಂದು ಮಾತು. ಹಿಂದಿನ ದಾರಿ ಮುಚ್ಚಿದರೆ ಮನಸ್ಸು ಮುಂದೆ ನೋಡುತ್ತದೆ ಅಂದಿರಿ. ನನಗೆ ದಾರಿ ಮೊದಲ ದಿನವೇ ಮುಚ್ಚಿತ್ತು. ಆದರೂ ಒಂದು ವರ್ಷ ನಾನು ಒಳಗೆ ಬಂದಿರಲಿಲ್ಲ.

ಬೆಂಕಿಪೊಟ್ಟಣ

ಅಕ್ಕಾ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮತ್ತೆ ಕೊಂಕುಮಾತು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಾನು ನೌಕರಿ ಬಿಟ್ಟ ಎರಡೂ ವರ್ಷ ಹೆಂಡತಿಯ ಸಂಬಳದಲ್ಲಿ ಮನೆ ನಡೆಯಿತು. ವಾಪಸ್ ಹೋಗಲು ಜಾಗ ಇರಲಿಲ್ಲ ಅಂದೆನಲ್ಲ, ಇತ್ತು. ಅದನ್ನು ಅವಳು ಹಿಡಿದುಕೊಂಡಿದ್ದಳು. ಈ ಕಥೆಯನ್ನು ಬಹಳ ಸಲ ಹೇಳಿದ್ದೇನೆ, ಈ ಭಾಗ ಯಾವತ್ತೂ ಹೇಳಿರಲಿಲ್ಲ.

ಕೊಂಕುಮಾತು

ಕೇಳಬೇಕು ಅಂತಲೇ ಇದ್ದೆ. ಈಗ ಕೇಳುವುದಿಲ್ಲ.

ಚಾರಣಿಗ

ಬಿಡುವುದು, ಹಿಡಿಯುವುದು ಎರಡನ್ನೂ ಎದುರು ಬದುರು ನಿಲ್ಲಿಸಿದ್ದೀರಿ. ಬೆಟ್ಟ ಹತ್ತುವವರಿಗೆ ಅವೆರಡೂ ಒಟ್ಟಿಗೇ ಇರುತ್ತವೆ. ಹೊರಡುವ ಮೊದಲೇ ವಾಪಸಾಗುವ ಹೊತ್ತು ಗೊತ್ತು ಮಾಡಿಕೊಳ್ಳುತ್ತೇವೆ. ಮಧ್ಯಾಹ್ನ ಎರಡು ಅಂದರೆ ಎರಡು. ತುದಿ ಕೈಗೆಟುಕುವಷ್ಟು ಹತ್ತಿರ ಇದ್ದರೂ ಹಿಂದಿರುಗುವುದು. ಯಾಕೆಂದರೆ ಆ ಎತ್ತರದಲ್ಲಿ ಗಾಳಿ ತೆಳು, ಬುದ್ಧಿಯೂ ತೆಳು. ಅಲ್ಲಿ ನಿಂತು ತೀರ್ಮಾನ ಮಾಡಬಾರದು.

ಅಂಟಾರ್ಕ್ಟಿಕಾದ ಅನ್ವೇಷಕ ಶ್ಯಾಕಲ್ಟನ್ 1909ರ ಜನವರಿ 9ರಂದು ದಕ್ಷಿಣ ಧ್ರುವಕ್ಕೆ ಸುಮಾರು 180 ಕಿಲೋಮೀಟರ್ ಇರುವಾಗ ಹಿಂದೆ ತಿರುಗಿದ. ಅಲ್ಲಿಯವರೆಗೆ ಅಷ್ಟು ಹತ್ತಿರ ಯಾರೂ ಹೋಗಿರಲಿಲ್ಲ. ಮುಂದೆ ಹೋದರೆ ವಾಪಸ್ ಬರುವಷ್ಟು ಆಹಾರ ಇರಲಿಲ್ಲ. ನಾಲ್ವರೂ ಜೀವಂತ ಮರಳಿದರು. ಆತನನ್ನು ಅರೆಮನಸ್ಸಿನವ ಅಂತ ಯಾರಾದರೂ ಹೇಳುತ್ತಾರಾ?

ನನ್ನ ಅನುಭವದಲ್ಲಿ ವಾಪಸಾಗುವ ಹೊತ್ತು ಗೊತ್ತಿದ್ದರೆ ಅಲ್ಲಿಯವರೆಗೆ ನಿಶ್ಚಿಂತೆ. ಪ್ರತಿ ಹೆಜ್ಜೆಗೂ ‘ತಿರುಗಲಾ’ ಅಂತ ಕೇಳಿಕೊಳ್ಳಬೇಕಾಗಿಲ್ಲ. ನಿಮಗೂ ಒಂದು ದಿನ ಗೊತ್ತು ಮಾಡಿ. ಇವತ್ತಿನಿಂದ ಒಂದು ವರ್ಷ ಅನ್ನಿ. ಅಲ್ಲಿಯವರೆಗೆ ಬಿಡುವ ಮಾತು ತೆಗೆಯುವುದೇ ಬೇಡ. ಆ ದಿನ ಬಿಟ್ಟುಬಂದವಳು ಮೇಡಂ ಹೇಳಿದ ಹಾಗೆ ತಣ್ಣಗೆ ಕೂತು ನೋಡಿ.

ನಿಧಾನ ಓಟ

ಇದಕ್ಕೆ ನನ್ನದೂ ಒಂದು ವೋಟು. ಒಂದು ಸೇರ್ಪಡೆ: ಒಂದು ದಿನ ತಪ್ಪಿದರೆ ಆಕಾಶ ಬೀಳುವುದಿಲ್ಲ. 21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅಂತ ಎಲ್ಲ ಕಡೆ ಹೇಳುತ್ತಾರಲ್ಲ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಇಟ್ಟುಕೊಂಡು ನೋಡಿದರು. ಅಭ್ಯಾಸ ಕೂರಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರ ಲೆಕ್ಕ 254ಕ್ಕೆ ಹೋಯಿತು. ಮಧ್ಯೆ ಒಂದು ದಿನ ತಪ್ಪಿಸಿದವರಿಗೆ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ಅವರು ನೋಡಿದ್ದು ನೀರು ಕುಡಿಯುವುದು, ನಡೆಯುವುದು ಇಂಥ ಸಣ್ಣ ಅಭ್ಯಾಸ. ಅನುವಾದಕ್ಕೆ ಜಾಸ್ತಿಯೇ ಬೇಕಾಗಬಹುದು. ಮೂರನೇ ವಾರ ಇನ್ನೂ ಕಷ್ಟ ಆಗುತ್ತಿದೆ ಅಂತ ಗಾಬರಿ ಆಗಬೇಡಿ, ಅಷ್ಟೇ.

ತಿದ್ದುಪಡಿ

ಹೊಸ ಹುಮ್ಮಸ್ಸಿಗೂ ಒಂದು ಉಪಾಯ ಇದೆ. ನಾನು ಒಂದು ಸಣ್ಣ ಪುಸ್ತಕ ಇಟ್ಟುಕೊಂಡಿದ್ದೇನೆ. ಹೊಸ ಯೋಚನೆ ಬಂದರೆ ತಾರೀಖು ಹಾಕಿ ಅದರಲ್ಲಿ ಬರೆಯುತ್ತೇನೆ, ಮುಚ್ಚುತ್ತೇನೆ. ಮೂರು ತಿಂಗಳು ಮುಟ್ಟುವುದಿಲ್ಲ. ತೆಗೆದು ನೋಡಿದಾಗ ಹೆಚ್ಚಿನವು ನನ್ನದೇ ಕೈಬರಹ ಅಂತ ನಂಬಲು ಕಷ್ಟವಾಗುತ್ತದೆ.

ಅರ್ಧಪುಟ

ಆರು ವಾರ ಆಯಿತು. ಬಂದು ಹೇಳುತ್ತೇನೆ ಅಂದುಕೊಂಡಿದ್ದೆ, ಹೇಳುತ್ತಿದ್ದೇನೆ.

ನೌಕರಿ ಬಿಟ್ಟಿಲ್ಲ. ಕೋರ್ಸ್ ಬಿಟ್ಟದ್ದು ಸುಲಭ, ಹೊಸ ಭಾಷೆ ಬಿಟ್ಟದ್ದು ಸ್ವಲ್ಪ ಬೇಜಾರು. ಕಥೆಗಳ ಕಡತವನ್ನು ಪೆನ್‌ಡ್ರೈವಿಗೆ ಹಾಕಿ ಕಪಾಟಿನ ಮೇಲಿಟ್ಟೆ. ಪಾಡ್‌ಕಾಸ್ಟ್ ಬಿಡುತ್ತೇನೆ ಅಂದಾಗ ಗೆಳೆಯ ಸಿಟ್ಟು ಮಾಡಿಕೊಂಡ. ‘ಆರಂಭಶೂರ ಅಂತ ನಿಮ್ಮ ಮನೆಯವರು ಸರಿಯಾಗೇ ಕರೆಯುತ್ತಾರೆ’ ಅಂದ. ಅವನ ಕಡೆಯಿಂದ ನೋಡಿದರೆ ನಿಜ. ಒಂದಕ್ಕೆ ಪೂರ್ತಿ ಇಳಿಯಬೇಕಾದರೆ ಇನ್ನೊಬ್ಬರ ಕಣ್ಣಿಗೆ ಕೈಕೊಟ್ಟವನಾಗಿ ಕಾಣಬೇಕಾಗುತ್ತದೆ ಅಂತ ನೀವ್ಯಾರೂ ಹೇಳಿರಲಿಲ್ಲ. ಇನ್ನೂ ಮಾತು ಬಿಟ್ಟಿದ್ದಾನೆ.

ಪುಟಗಳು: 30 ಆಗಬೇಕಿತ್ತು, 23 ಆಗಿದೆ. ನಾಲ್ಕನೇ ವಾರ ಒಂದು ಪುಟವೂ ಆಗಲಿಲ್ಲ. ಆ ವಾರ ಹೊಸ ಯೋಚನೆ ಎರಡು ಬಂದವು, ತಿದ್ದುಪಡಿ ಅವರು ಹೇಳಿದ ಹಾಗೆ ಬರೆದು ಮುಚ್ಚಿದೆ. ಮಬ್ಬುಬೆಳಕು ಅಕ್ಕ ಮಂಚ ಸರಿಸಿದ್ದು ತಲೆಯಲ್ಲೇ ಉಳಿದಿತ್ತು. ಮೂಲ ಪುಸ್ತಕವನ್ನು ಈಗ ಕಪಾಟಿನಲ್ಲಿ ಇಡುವುದಿಲ್ಲ. ಮೇಜಿನ ಮೇಲೆ ತೆರೆದೇ ಇರುತ್ತದೆ. ಅದರ ಮೇಲೆ ಏನೂ ಇಡಬೇಡಿ ಅಂತ ಮನೆಯವರಿಗೆ ಹೇಳಿದ್ದೇನೆ.

ತಿದ್ದುಪಡಿ ಅವರಿಗೆ ಒಂದು ಪ್ರಶ್ನೆ. ಹಳೆಯ ಪುಟ ತಿರುವಿದಾಗ ಗೊತ್ತಾಯಿತು, ಒಂದು ಮುಖ್ಯ ಪದವನ್ನು ಮೊದಲ 340 ಪುಟಗಳಲ್ಲಿ ಮೂರು ಥರ ಅನುವಾದ ಮಾಡಿದ್ದೇನೆ. ಓದಿದರೆ ನಾಚಿಕೆಯಾಗುತ್ತದೆ. ಮೊದಲು ಅದನ್ನು ಸರಿ ಮಾಡಿಕೊಂಡು ಮುಂದೆ ಹೋಗಲಾ? ಎರಡು ಮೂರು ತಿಂಗಳ ಕೆಲಸ.

ತಿದ್ದುಪಡಿ

ಬೇಡ. ಮೂರೂ ರೂಪ, ಪುಟದ ಸಂಖ್ಯೆ ಸಮೇತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಇವತ್ತಿನಿಂದ ಯಾವುದು ಅಂತ ಒಂದನ್ನು ಆರಿಸಿ. ಹಳೆಯದನ್ನು ಪೂರ್ತಿ ಮುಗಿದ ಮೇಲೆ ತಿದ್ದೋಣ, ಬೇಕಾದರೆ ನಾನೂ ಕೂರುತ್ತೇನೆ.

364ನೇ ಪುಟದಲ್ಲಿ ಏನಿದೆ?

ಅರ್ಧಪುಟ

ಒಂದೂವರೆ ಪುಟದ ಒಂದೇ ವಾಕ್ಯ.

ಕೊಂಕುಮಾತು

ಅಯ್ಯೋ. ಹೊಸ ಯೋಚನೆಯ ಪುಸ್ತಕ ಹತ್ತಿರ ಇಟ್ಟುಕೊಂಡು ಕೂತ್ಕೊಳ್ಳಿ.